ಚಿತ್ರ ಬಂತೇನ?

ಟಿವಿ ಅಂಗಡಿಗೆ ಹೋದವರು ಮೊದಲು ಏನು ಮಾಡುತ್ತಾರೆ? ಗೋಡೆ ತುಂಬ ಬೆಳಗುತ್ತಿರುವ ಟಿವಿಗಳ ಮುಂದೆ ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ. ನಾನು ಹೇಳಹೊರಟಿರುವ ಮನುಷ್ಯ ಹಾಗಲ್ಲ. ಒಳಗೆ ಕಾಲಿಟ್ಟ ಕೂಡಲೇ ಸೇಲ್ಸ್‌ಮನ್‌ಗೆ ಹೇಳುತ್ತಿದ್ದದ್ದು ಒಂದೇ ಮಾತು: "ಪಹಲೇ ಬಂದ್ ಕರೋ." ಮೊದಲು ಬಂದ್ ಮಾಡು, ಆರಿಸು! ಕೊಳ್ಳಲು ಬಂದವರು ಆರಿಸು ಅಂದರೆ ಯಾರಿಗೆ ತಾನೆ ಅರ್ಥವಾದೀತು? ಸೇಲ್ಸ್‌ಮನ್ ತಬ್ಬಿಬ್ಬಾಗಿ ಆರಿಸುತ್ತಿದ್ದ. ಆಮೇಲೆ ಇವರು ಆ ಕಪ್ಪು ಪರದೆಯ ಮುಂದೆ ಆ ಕಡೆ ಈ ಕಡೆ ವಾಲಿ, ಅಂಗಡಿಯ ಟ್ಯೂಬ್‌ಲೈಟು ಎಲ್ಲಿ ಬೀಳುತ್ತದೆ, ಬಾಗಿಲ ಬೆಳಕು ಎಷ್ಟು ಹೊಡೆಯುತ್ತದೆ ಎಂದು ನೋಡುತ್ತಿದ್ದರು. "ಹಚ್ಚಿದಾಗ ಎಲ್ಲಾನೂ ಛಂದನ ಕಾಣ್ತಾವ. ಆರಿಸಿದಾಗ ಹೆಂಗ ಕಾಣ್ತಾವ ಅಂತ ನೋಡಬೇಕವ್ವಾ," ಅನ್ನುತ್ತಿದ್ದರು.

ಅವರು ತೀರಿಕೊಂಡು ಒಂದು ತಿಂಗಳಾಯಿತು. ನನಗೆ ಗೊತ್ತಾದದ್ದು ಎರಡು ವಾರ ತಡವಾಗಿ. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಈ ಒಂದು ಪುಟ ಬರೆಯುವಷ್ಟರಲ್ಲಿ ಮೂರು ಸಲ ಎದ್ದು ಅಡುಗೆಮನೆಗೆ ಹೋಗಿ ಏನೂ ಮಾಡದೆ ವಾಪಸ್ ಬಂದಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಹೆಸರು ಹಾಕಿ ಹೊಗಳಿದರೆ ಅವರಿಗೆ ಮೈಯೆಲ್ಲ ಚುಚ್ಚಿದಂತಾಗುತ್ತಿತ್ತು. ಆಫೀಸಿನವರಿಗೆಲ್ಲ ಅವರು ಸರ್, ನನಗೆ ಮಾತ್ರ ಕಾಕಾ, ಅವರ ಊರ ಕಡೆಯ ಮಾತಿನಲ್ಲಿ ಚಿಕ್ಕಪ್ಪ.

ಹೈದರಾಬಾದಿನ ಮಾದಾಪುರದಲ್ಲಿ ಬೆಳಿಗ್ಗೆ ಕಂಡ ಬಂಡೆ ಸಂಜೆಗೆ ಗಾಜಿನ ಕಟ್ಟಡವಾಗುತ್ತಿದೆಯೇನೋ ಅನ್ನಿಸುತ್ತಿದ್ದ ಕಾಲವದು. ಮೆಟ್ರೊದ ಕಂಬಗಳು ಇನ್ನೂ ಎದ್ದಿರಲಿಲ್ಲ. ಕಂಪನಿ ಕ್ಯಾಬಿನಲ್ಲಿ ಒಬ್ಬರ ತೊಡೆಯ ಮೇಲೆ ಒಬ್ಬರು ಕೂತಂತೆ ಹೋಗುತ್ತಿದ್ದೆವು. ಯಾರೂ ಒಂದು ಕಡೆ ನಿಲ್ಲುತ್ತಿರಲಿಲ್ಲ. ಪಕ್ಕದ ಕುರ್ಚಿಯವನ ಹೆಸರು ಬಾಯಿಗೆ ಬರುವಷ್ಟರಲ್ಲಿ ಅವನು ಎದುರುಗಡೆಯ ಕಂಪನಿಯಲ್ಲಿರುತ್ತಿದ್ದ. ನಾನು ಮಂಡ್ಯದವಳು. ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುವ ಟೆಸ್ಟಿಂಗ್ ಕೆಲಸ, ಜೊತೆಗೆ ಜೋರು ಬಾಯಿ. ತಪ್ಪು ಕಂಡರೆ ಹೇಳದೆ ಇರಲಾರೆ ಎಂದು ನನ್ನ ಬಗ್ಗೆ ನನಗೇ ಭಾರಿ ಹೆಮ್ಮೆಯಿತ್ತು. ಆ ಹೆಮ್ಮೆ ಮುರಿದದ್ದು ಕಾಕಾ ಮನೆಯಲ್ಲೇ. ಅದನ್ನು ಹೇಳುತ್ತೇನೆ, ಸ್ವಲ್ಪ ತಡೆಯಿರಿ.

ಕಾಕಾ ನಮ್ಮ ಆಫೀಸಿನ ಸಿಸ್ಟಮ್ಸ್ ವಿಭಾಗದಲ್ಲಿದ್ದರು. ಮಾನಿಟರ್ ಕೆಟ್ಟರೆ, ವೈರು ಸಡಿಲವಾದರೆ ಅವರನ್ನೇ ಕರೆಯಬೇಕು. ಊರು ಲಿಂಗಸುಗೂರಿನ ಕಡೆ. ಎಳೆಯ ವಯಸ್ಸಿಗೇ ಹೈದರಾಬಾದಿಗೆ ಬಂದು ಸನತ್‌ನಗರದ ಒಂದು ಟಿವಿ ಕಾರ್ಖಾನೆ ಸೇರಿದವರು. ಅಲ್ಲಿ ಅವರದು ಸಾಲಿನ ಕೊನೆಯ ಮೇಜು. ಟಿವಿ ತಯಾರಾಗಿ ಡಬ್ಬಿಗೆ ಹೋಗುವ ಮುಂಚೆ ಅವರ ಮುಂದೆ ಬಂದು ನಿಲ್ಲಬೇಕು. ಪರದೆಯ ಮೇಲೆ ಚೌಕಗಳ ಜಾಲರಿ ಬರಿಸಿ, ಗೆರೆ ನೆಟ್ಟಗಿದೆಯೋ ಬಾಗಿದೆಯೋ, ಕೆಂಪು ಪಕ್ಕಕ್ಕೆ ಸೋರುತ್ತಿದೆಯೋ ಎಂದು ನೋಡಿ ಅವರು ಹೂಂ ಅಂದರೆ ಮಾತ್ರ ಅದು ಹೊರಗೆ ಹೋಗುತ್ತಿತ್ತು. ಕಾರ್ಖಾನೆ ಮುಚ್ಚಿದ ಮೇಲೆ ನಮ್ಮಲ್ಲಿಗೆ ಬಂದರು. "ಅಲ್ಲಿ ದಪ್ಪನ್ನ ಟಿವಿ ಎತ್ತಿ ಎತ್ತಿ ಟೊಂಕ ಹೋತು. ಇಲ್ಲಿ ಹಪ್ಪಳದಂಥ ಮಾನಿಟರು. ದೇವರು ದೊಡ್ಡಾಂವ," ಎಂದು ನಗುತ್ತಿದ್ದರು.

ಅವರ ಜೇಬಿನಲ್ಲಿ ಯಾವಾಗಲೂ ಒಂದು ಕೈಗನ್ನಡಿ. ಅದೂ ಎಂಥದ್ದು! ಸುಲ್ತಾನ್ ಬಜಾರಿನ ಬಳೆ ಅಂಗಡಿಯಲ್ಲಿ ಕೊಂಡ, ಗುಲಾಬಿ ಪ್ಲಾಸ್ಟಿಕ್ ಚೌಕಟ್ಟಿನ, ಹೆಂಗಸರ ಕನ್ನಡಿ. ಆಫೀಸಿನ ಹುಡುಗರು ತಮಾಷೆ ಮಾಡದ ದಿನವಿಲ್ಲ. ಅದು ಶೋಕಿಗಲ್ಲ, ಅವರ ಕಸುಬಿನ ರೂಢಿ. ಹಳೆಯ ಕಾಲದ ಟಿವಿಯನ್ನು ಹಿಂದಿನಿಂದ ಬಿಚ್ಚಿ ರಿಪೇರಿ ಮಾಡುವವನಿಗೆ ಮುಂದಿನ ಚಿತ್ರ ಕಾಣುವುದಿಲ್ಲವಲ್ಲ? ಅದಕ್ಕೇ ಎದುರಿಗೆ ಒಂದು ಕನ್ನಡಿ ಒರಗಿಸಿಟ್ಟು, ಹಿಂದೆ ಸ್ಕ್ರೂ ತಿರುಗಿಸುತ್ತ, ಕನ್ನಡಿಯಲ್ಲಿ ಚಿತ್ರ ನೋಡುತ್ತಾರೆ. "ಮುಂದೆ ನಿಂತವರನ್ನ ಕೇಳಿಬಿಟ್ರೆ ಆಗಲ್ವಾ ಕಾಕಾ, ಬಂತೋ ಇಲ್ವೋ ಅಂತ?" ಎಂದು ನಾನು ಒಮ್ಮೆ ಕೇಳಿದ್ದೆ.

"ಛೆ ಛೆ! ಮಂದಿ ಕಣ್ಣು ನಂಬಬಾರದವ್ವಾ. ಚಿತ್ರ ಹೆಂಗರ ಬರಲಿ, ಬಂತು ಬಂತು ಅಂತಾರ. ಲಗೂನ ಮುಗಿದ್ರ ಸಾಕು ಅವರಿಗೆ," ಅಂದರು. ಆಮೇಲೆ ಧ್ವನಿ ತಗ್ಗಿಸಿ, "ನಮ್ಮ ಮನ್ಯಾಗ ಮಾತ್ರ ಕನ್ನಡಿ ಬೇಕಾಗಿಲ್ಲ. ನಮ್ಮಾಕಿ ಅದಾಳಲ್ಲ. ಆಕಿ ಬಂತು ಅಂದ್ರ ಬಂತು. ಜಾಲರಿ ಗೆರಿ ಕೂದಲೆಳಿಯಷ್ಟು ಬಾಗಿದ್ರೂ ಹಿಡೀತಾಳ," ಅಂದರು. ಹೆಂಡತಿಯ ಬಗ್ಗೆ ಹೇಳುವಾಗ ಆ ಮನುಷ್ಯನ ಮುಖ ನೋಡಬೇಕಿತ್ತು. ಮದುವೆಯಾದ ಹೊಸತರಲ್ಲಿ ಮನೆಯಲ್ಲೇ ಒಂದಿಷ್ಟು ರಿಪೇರಿ ಮಾಡುತ್ತಿದ್ದರಂತೆ. ಇವರು ಟಿವಿಯ ಹಿಂದೆ, ಅವರು ಮುಂದೆ. "ಚಿತ್ರ ಬಂತೇನ?" ಎಂದು ಇವರು ಕೇಳಬೇಕು, "ಬಂತ್ರಿ" ಎಂದು ಅವರು ಹೇಳಬೇಕು. ಹಾಗೇ ವರ್ಷಗಳು ಕಳೆದಿದ್ದವು.

ಕಾಕಾಗೂ ನನ್ನ ಹಾಗೇ ಒಂದು ಕಡೆ ಕೂತು ಗೊತ್ತಿರಲಿಲ್ಲ. ಗಂಟೆಗೊಮ್ಮೆ ನಮ್ಮ ಮಹಡಿಯಲ್ಲಿ ಸುತ್ತು ಹಾಕುತ್ತಿದ್ದರು. ಪರದೆಗೆ ಮೂಗು ತಾಗಿಸಿ ಕೂತವರು ಕಂಡರೆ, ಹಿಂದಿನಿಂದ ಬಂದು ಕುರ್ಚಿಯನ್ನೇ ಎಳೆದುಬಿಡುತ್ತಿದ್ದರು. ಮ್ಯಾನೇಜರಾದರೂ ಸರಿ, ಮೊನ್ನೆ ಸೇರಿದವಳಾದರೂ ಸರಿ. "ದೂರ ಕುಂದ್ರಿ! ಕಣ್ಣಿನ್ನೂ ಭಾಳ ವರ್ಷ ಬಾಳಬೇಕು." ಒಮ್ಮೆ ಅಮೆರಿಕದಿಂದ ಬಂದ ಅತಿಥಿಯ ಕುರ್ಚಿಯನ್ನೂ ಎಳೆದು ರಾದ್ಧಾಂತವಾಗಿತ್ತು. ಅವನು ಗಾಬರಿಯಿಂದ ತಿರುಗಿದರೆ, ಇವರು ಎರಡು ಬೆರಳಿನಿಂದ ತಮ್ಮ ಕಣ್ಣು ತೋರಿಸಿ, ಕೈ ಚಾಚಿ ಅಳತೆ ತೋರಿಸಿ, ಹೊರಟೇ ಹೋದರು.

ಆ ದಿನಗಳಲ್ಲೇ ನಮ್ಮ ಮನೆಯಲ್ಲಿ ಒಂದು ಜಗಳ ಶುರುವಾಯಿತು. ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ನನ್ನ ಗಂಡನಿಗೆ ಟಿವಿ ಬೇಕು, ಕ್ರಿಕೆಟ್ ನೋಡಬೇಕು. ನನಗೆ ಎರಡನೆಯ ಮಾನಿಟರ್ ಬೇಕು. ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಕೆಲಸಕ್ಕೂ ಆಯಿತು, ಸಿನಿಮಾಕ್ಕೂ ಆಯಿತು. ಇಡೀ ಮನೆಗೆ ಒಂದೇ ಮೇಜು, ಇಡುವುದಕ್ಕೆ ಜಾಗವೂ ಒಂದೇ. ಎರಡು ತಿಂಗಳು ವಾದ ಮಾಡಿದೆವು. ಅವನು "ಮಾನಿಟರಲ್ಲಿ ಸಿನಿಮಾ ನೋಡೋದೂ ಒಂದೇ, ಬಸ್ಸಿನ ಕಿಟಕೀಲಿ ಜಾತ್ರೆ ನೋಡೋದೂ ಒಂದೇ" ಅಂದ. ನಾನು "ನಿನ್ನ ಟಿವಿ ಮುಂದೆ ಕೂತು ಒಂದು ಮೇಲ್ ಓದಿ ನೋಡು, ಅಕ್ಷರ ಎಲ್ಲಾ ಅಂಬಲಿ ಆಗಿರುತ್ತೆ" ಅಂದೆ. ಬಗೆಹರಿಯಲಿಲ್ಲ. ಕೊನೆಗೆ ಪಂಚಾಯಿತಿಗೆ ಒಂದು ಭಾನುವಾರ ಕಾಕಾನನ್ನೇ ಕರೆಸಿದೆ. ನನ್ನ ಪರ ನಿಲ್ಲುತ್ತಾರೆ ಎಂಬ ಭರವಸೆ, ಮಾನಿಟರ್ ಕಸುಬಿನವರಲ್ಲವೇ?

ಬಂದವರು ನೀರೂ ಕುಡಿಯದೆ ಗೋಡೆಗೆ ಬೆನ್ನು ಕೊಟ್ಟು ನಿಂತು, ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ಸೋಫಾದವರೆಗೆ ಹೆಜ್ಜೆ ಎಣಿಸಿದರು. ಒಂಬತ್ತೂವರೆ. ಆಮೇಲೆ ಮೂರು ಪ್ರಶ್ನೆ ಕೇಳಿದರು. ಯಾರು ಕರೆದರೂ ಅವರು ಕೇಳುತ್ತಿದ್ದದ್ದು ಅದೇ ಮೂರು.

"ನೋಡೋರು ಎಷ್ಟು ಮಂದಿ?"

"ಇಬ್ಬರು," ಅಂದೆ.

"ಎಷ್ಟು ದೂರದಿಂದ? ಅದನ್ನ ನಾನ ಅಳದೆ. ನೋಡುವಾಗ ಕೈ ಎಲ್ಲಿರ್ತಾವ?"

"ಕೈಯಾ?" ಅಂದ ನನ್ನ ಗಂಡ.

"ಹೌದಪ್ಪಾ, ಕೈ. ಕೈ ಕೀಬೋರ್ಡಿನ ಮ್ಯಾಲ ಇದ್ರ ಮಾನಿಟರ್ ತಗೋರಿ. ಕೈ ಅವಲಕ್ಕಿ ಚೂಡಾದ ಬಟ್ಟಲದಾಗ ಇದ್ರ ಟಿವಿ ತಗೋರಿ."

ನನ್ನ ಗಂಡ ಗೆದ್ದವನ ಹಾಗೆ ನಕ್ಕ. ನಾನು ಬಿಡಲಿಲ್ಲ. "ನಂದು ಕೀಬೋರ್ಡಿನ ಮೇಲೇ ಇರುತ್ತೆ ಕಾಕಾ," ಅಂದೆ.

"ಅದಕ್ಕ ಬ್ಯಾಡ ಅಂತೀನಿ," ಅಂದರು. "ಮಾನಿಟರ್ ಒಬ್ಬರದು ಅವ್ವಾ. ಟಿವಿ ಮನಿಯವರದು. ನೀ ಮಾನಿಟರ್ ತಂದ್ರ ಮನ್ಯಾಗೂ ಅವನಿಗೆ ಬೆನ್ನು ತೋರಿಸಿ ಕುಂದ್ರತಿ. ಆಫೀಸಿನ್ಯಾಗ ದಿನಾ ನೋಡಾಕತ್ತೀನಲ್ಲ, ನಿಮ್ಮ ಬೆನ್ನುಗಳನ್ನ?"

ಟಿವಿಯೇ ಬಂತು. ನಾನು ಒಂದು ವಾರ ಕಾಕಾ ಜೊತೆ ಮಾತು ಬಿಟ್ಟೆ. ಅವರು ಅದನ್ನು ಗಮನಿಸಿದಂತೆಯೇ ಕಾಣಲಿಲ್ಲ, ದಿನಾ ಬಂದು ನನ್ನ ಕುರ್ಚಿ ಎಳೆದು ಹೋಗುತ್ತಿದ್ದರು. ಎಂಟನೆಯ ದಿನ ನನಗೇ ನಗು ಬಂತು.

ಆಮೇಲೆ ಅವರ ಮನೆಗೆ ಹೋಗಿ ಬರುವುದು ಶುರುವಾಯಿತು. ಸನತ್‌ನಗರದಲ್ಲಿ ಕಾರ್ಮಿಕರಿಗೆಂದು ಕಟ್ಟಿದ ಸಾಲುಮನೆ. ಮಕ್ಕಳಿಲ್ಲ, ಗಂಡ ಹೆಂಡತಿ ಇಬ್ಬರೇ. ಅವರ ಹೆಂಡತಿಯನ್ನು ನಾನು ಕಾಕು ಅನ್ನುತ್ತಿದ್ದೆ. ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಬಾಯಿ ತುಂಬ ಮಾತು. ಬಾಗಿಲಲ್ಲಿ ತೆಲುಗು ಮಾತಾಡಿ ಪಕ್ಕದವರನ್ನು ಕಳಿಸಿ, ಒಳಗೆ ಬಂದ ಕೂಡಲೇ "ಬಾ ನಮ್ಮವ್ವ, ಕುಂದ್ರು" ಅನ್ನುವವರು. ಕಾರ್ಖಾನೆಯ ಕಡೆಯ ಸಾಲಿನಲ್ಲಿ ತಯಾರಾದ ಒಂದು ಚಿಕ್ಕ ಟಿವಿ ಅವರ ಮನೆಯಲ್ಲಿತ್ತು. ಕಾಕಾ ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ್ದರು.

ದಸರಾಕ್ಕೆ ಮುಂಚಿನ ಭಾನುವಾರ ನಾನು ಹೋದಾಗ ಆ ಟಿವಿ ಬಿಚ್ಚಿಟ್ಟುಕೊಂಡಿದ್ದರು. ಕಾಕಾ ಹಿಂದೆ ಕೂತಿದ್ದಾರೆ, ತಲೆ ಮಾತ್ರ ಸ್ವಲ್ಪ ಕಾಣುತ್ತಿದೆ. ಕಾಕು ಎದುರಿನ ಗೋಡೆಯ ಹತ್ತಿರ ಕುರ್ಚಿಯಲ್ಲಿದ್ದಾರೆ. ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಟಿವಿಯಿಂದ ಯಾವುದೋ ಧಾರಾವಾಹಿಯ ಅಳು ಕೇಳಿಸುತ್ತಿತ್ತು. ಪರದೆಯ ಮೇಲೆ ಮಾತ್ರ ಏನೂ ಇಲ್ಲ. ಗೆರೆಯಿಲ್ಲ, ಮುಖವಿಲ್ಲ, ತುಂಬ ಬರಿಯ ಬಿಳಿ ಬೆಳಕು.

"ಚಿತ್ರ ಬಂತೇನ?" ಅಂದರು ಕಾಕಾ ಹಿಂದಿನಿಂದ.

"ಬಂತ್ರಿ. ಛಲೋ ಬಂದೈತಿ," ಅಂದರು ಕಾಕು.

ನಾನು ಒಂದು ಕಾಲಿನಲ್ಲಿ ಚಪ್ಪಲಿ ಇಟ್ಟುಕೊಂಡು ಹಾಗೇ ನಿಂತೆ. ತಮಾಷೆಯೇ? ಕಾಕು ಮುಖ ನೋಡಿದೆ. ಆ ಬಿಳಿ ಬೆಳಕನ್ನು ನೋಡುತ್ತ, ಅಳುವ ಧ್ವನಿಗೆ ತಕ್ಕಂತೆ ಹುಬ್ಬು ಗಂಟಿಕ್ಕಿ ಕೂತಿದ್ದಾರೆ. ಕಾಕಾ ಹಿಂದಿನ ಮುಚ್ಚಳ ಮುಚ್ಚಲು ಹೊರಟರು. ಆಗ ನನ್ನ ಬಾಯಿಂದ ಜೋರಾಗಿಯೇ ಬಂತು, "ಕಾಕಾ, ಇನ್ನೊಂದು ಸಲ ನೋಡಿ, ಈಗ ತಾನೇ ಹೋಯ್ತು!" ಸುಳ್ಳು. ಅವರು ಮತ್ತೆ ಏನೋ ಅಲುಗಿಸಿದರು, ಚಿತ್ರ ಬಂತು. ಕಾಕು ನನ್ನ ಧ್ವನಿ ಬಂದ ಕಡೆ ತಿರುಗಿದರು. ಅವರಿಗೆ ಗೊತ್ತಾಗಿಹೋಗಿತ್ತು, ನನಗೆ ಗೊತ್ತಾಗಿದೆಯೆಂದು.

ಅಡುಗೆಮನೆಯಲ್ಲಿ ನನ್ನ ಮುಂಗೈ ಹಿಡಿದುಕೊಂಡರು. "ಅವರಿಗೆ ಹೇಳಬ್ಯಾಡ ನಮ್ಮವ್ವ. ನಿನ್ನ ಕಾಲು ಹಿಡೀತೀನಿ."

"ಎಷ್ಟು ದಿನದಿಂದ ಕಾಕು?"

"ವರ್ಷದ ಮ್ಯಾಲಾತು. ಶುಗರ್ ಐತಲ್ಲ, ಅದು ಕಣ್ಣಿಗೆ ಬಂದಿರಬೇಕು. ದೂರದ್ದು ಬರೇ ಬೆಳಕು. ಮೂಗಿನ ಹತ್ರ ತಂದ್ರ ಕಾಣ್ತೈತಿ. ರೊಟ್ಟಿ ಕೈಗೆ ಗೊತ್ತು, ಅದಕ್ಕ ಕಣ್ಣು ಯಾಕ ಬೇಕು?"

"ಡಾಕ್ಟರ್ ಹತ್ರ ಹೋಗೋಣ ನಡೀರಿ, ನಾನೇ ಕರ್ಕೊಂಡು ಹೋಗ್ತೀನಿ!"

"ಪುಷ್ಯದಾಗ ರಿಟೈರ್ ಆಗ್ತಾರವ್ವಾ. ಅಲ್ಲೀತನಕ ತಡಿ. ಕಾರ್ಖಾನಿ ಮುಚ್ಚಿದಾಗ ಆ ಮನಷ್ಯಾ ಆರು ತಿಂಗಳು ಮಾತಾಡಿರಲಿಲ್ಲ. ಈಗ ಎಲ್ಲಾರ ಮುಂದ ನಗನಗತಾ ಬೀಳ್ಕೊಡಿಸಿಕೊಂಡು ಬರಲಿ. ಆಮ್ಯಾಲ ನಾನ ಹೇಳ್ತೀನಿ." ಆಮೇಲೆ ಇನ್ನೂ ಮೆಲ್ಲಗೆ ಅಂದರು: "ಜಗತ್ತಿನ್ಯಾಗ ಅವರು ನಂಬಿದ್ದು ನನ್ನ ಕಣ್ಣೊಂದ."

ಹೂಂ ಅಂದೆ. ಆ ಹೂಂ ಅಂದ ಬಾಯಿಗೆ ನಾನು ಇವತ್ತಿಗೂ ಶಾಪ ಹಾಕುತ್ತೇನೆ. ಅಕ್ಷರ ಒಂದು ಗೆರೆ ಆಚೀಚೆಯಾದರೆ ಹತ್ತು ಜನಕ್ಕೆ ಮೇಲ್ ಕಳಿಸುವ ನಾನು, ಕಣ್ಣೆದುರಿಗೆ ಒಬ್ಬರ ಕಣ್ಣು ಹೋಗುತ್ತಿದ್ದರೆ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಮುಂದಿನ ಮೂರು ತಿಂಗಳು ನನಗೆ ನೆಮ್ಮದಿಯಿರಲಿಲ್ಲ. ಕಾಕಾ ಕುರ್ಚಿ ಎಳೆದು "ಕಣ್ಣು ಜೋಪಾನ ಅವ್ವಾ" ಅಂದಾಗಲೆಲ್ಲ ಕೀಬೋರ್ಡಿನ ಕಡೆ ತಲೆ ತಗ್ಗಿಸುತ್ತಿದ್ದೆ. ಹೇಳಿಬಿಡೋಣ ಎಂದು ಎರಡು ಸಲ ಸಿಸ್ಟಮ್ಸ್ ರೂಮಿನ ಬಾಗಿಲವರೆಗೆ ಹೋಗಿ, ಮೌಸ್ ಕೆಟ್ಟಿದೆ ಎಂದು ಹೇಳಿ ವಾಪಸ್ ಬಂದೆ. ಒಂದು ಸಲವಂತೂ ಅವರು ಹೊಸ ಮೌಸ್ ಕೈಗಿಟ್ಟು, "ಇದೂ ಕೆಡಿಸಬ್ಯಾಡ" ಅಂದರು.

ನಿವೃತ್ತಿ ಹತ್ತಿರ ಬಂತು. ಕಾಕಾಗೆ ಏನು ಕೊಡುವುದೆಂದು ಮೀಟಿಂಗ್ ನಡೆಯಿತು. ಎಲ್ಲರ ಬಾಯಲ್ಲೂ ಒಂದೇ, ದೊಡ್ಡ ಟಿವಿ. ಅವರ ಲೆಕ್ಕದ ಪ್ರಕಾರವೇ ಕೊಡೋಣ ಎಂದು ಒಬ್ಬ ಅವರ ಮನೆಗೆ ಹೋದಾಗ ಹೆಜ್ಜೆ ಅಳೆದುಕೊಂಡೂ ಬಂದಿದ್ದ. ನಾನು ಎದ್ದು ನಿಂತು, "ಟಿವಿ ಬೇಡ, ಮಾನಿಟರ್ ಕೊಡೋಣ. ಗೋಡೆಗೆ ಹಾಕೋ ಉದ್ದನೆ ತೋಳಿಗೆ ಸಿಕ್ಕಿಸಿದ್ರೆ ಮುಖದ ಹತ್ರಕ್ಕೇ ಎಳ್ಕೊಂಡು ನೋಡಬಹುದು," ಅಂದೆ. ಎಲ್ಲರೂ ಘೊಳ್ಳೆಂದು ನಕ್ಕರು. ಇಷ್ಟು ವರ್ಷ ಮಾನಿಟರ್ ಹೊತ್ತವರಿಗೆ ಮಾನಿಟರನ್ನೇ ಕೊಡುವುದೇ? ಅಡುಗೆಭಟ್ಟನಿಗೆ ಸೌಟು ಸನ್ಮಾನ ಮಾಡಿದ ಹಾಗೆ ಎಂದು ಯಾರೋ ಅಂದರು. ಯಾಕೆ ಮಾನಿಟರ್ ಎಂದು ಕೇಳಿದರು. ಕಾಕುಗೆ ಕೊಟ್ಟ ಮಾತು ನೆನಪಾಯಿತು. ಕೂತುಕೊಂಡೆ.

ಟಿವಿ ಆಯ್ಕೆ ಮಾಡಲು ಅವರನ್ನೇ ಕರೆದುಕೊಂಡು ಹೋಗುವ ಕೆಲಸ ನನ್ನ ತಲೆಗೇ ಬಂತು. ಅಂಗಡಿಯಲ್ಲಿ ಅದೇ "ಪಹಲೇ ಬಂದ್ ಕರೋ". ಆದರೆ ಆವತ್ತು ಅವರ ಉತ್ಸಾಹವೇ ಬೇರೆ. ಹುಡುಗನ ಹಾಗೆ ಒಂದರಿಂದ ಒಂದಕ್ಕೆ ಓಡುತ್ತಿದ್ದರು. "ಆಕಿ ಇಷ್ಟು ವರ್ಷ ಆ ಸಣ್ಣ ಡಬ್ಬಿಯಾಗ ನೋಡ್ಯಾಳ. ಇನ್ನ ರಾಣಿಯಂಗ ದೂರ ಕುಂತು ನೋಡ್ಲಿ. ಆಕಿ ಕಣ್ಣಿಗೆ ತಕ್ಕ ಟಿವಿ ಇದು, ಏನಂತಿ?"

"ಮಾನಿಟರ್ ತಗೊಳ್ಳಿ ಕಾಕಾ," ಅಂದೆ. ನನ್ನ ಧ್ವನಿ ನನಗೇ ವಿಚಿತ್ರವಾಗಿ ಕೇಳಿಸಿತು.

"ಮತ್ತ ಅದನ್ನ ಹಿಡದಿ! ನೋಡೋರು ಇಬ್ಬರು. ದೂರ ಹತ್ತು ಹೆಜ್ಜಿ. ಕೈ ಚೂಡಾದ ಬಟ್ಟಲದಾಗ. ಮತ್ತ್ಯಾಕ ಮಾನಿಟರು?"

"ಇಷ್ಟೆಲ್ಲ ಕೇಳ್ತೀರಲ್ಲ," ಎಂದು ನಾನು ಕೂಗಿಯೇಬಿಟ್ಟೆ. "ನೋಡೋರ ಕಣ್ಣು ಹೆಂಗಿದೆ ಅಂತ ಒಂದು ದಿನ ಆದ್ರೂ ಕೇಳಿದ್ದೀರಾ?"

ಸೇಲ್ಸ್‌ಮನ್ ನಮ್ಮಿಬ್ಬರನ್ನೂ ನೋಡಿದ. ಕಾಕಾನ ಒಂದು ಕೈ ಜೇಬಿನ ಮೇಲೆ, ಕನ್ನಡಿಯ ಮೇಲೆ, ಹೋಯಿತು. ಹಾಗೇ ಹೊರಗೆ ನಡೆದು, ನನ್ನನ್ನು ಅಲ್ಲೇ ಬಿಟ್ಟು, ಸಿಕ್ಕ ಆಟೊ ಹತ್ತಿ ಹೊರಟುಹೋದರು.

ಮರುದಿನ ಬೆಳಿಗ್ಗೆ ನನ್ನನ್ನು ಸಿಸ್ಟಮ್ಸ್ ರೂಮಿಗೆ ಕರೆದರು. ಕೂರು ಅನ್ನಲಿಲ್ಲ. "ನಿನ್ನೆ ಸಂಜಿಗೆ ಟಿವಿ ಹಿಂದ ಕುಂತೆ," ಅಂದರು. "ಚಿತ್ರದ ವೈರು ನಾನ ಕಿತ್ತೆ. ಎದುರಿಗೆ ಕಿಟಕ್ಯಾಗ ಕನ್ನಡಿ ಇಟ್ಟಿದ್ದೆ. ಮನ್ಯಾಗ ಕನ್ನಡಿ ಇಟ್ಟಿದ್ದು ಅದ ಮೊದಲು. ಪರದಿ ತುಂಬ ಬಿಳಿ. ಬಂತೇನ ಅಂದೆ." ಇಷ್ಟು ಹೇಳಿ ಕನ್ನಡಿಯನ್ನು ಮೇಜಿನ ಮೇಲೆ ಕವುಚಿಟ್ಟರು. "ಬಂತ್ರಿ, ಅಂದಳು."

ನಾನು ಅತ್ತೆ. ಅವರು ಅಳಲಿಲ್ಲ.

ಅದೇ ದಿನ ಆಸ್ಪತ್ರೆಗೆ ಹೋದೆವು. ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿನ ಪದರವನ್ನು ತಿಂದುಹಾಕಿತ್ತು. ಎಡಗಣ್ಣು ಪೂರ್ತಿ ಹೋಗಿದೆ, ಬಲಗಣ್ಣಲ್ಲಿ ಉಳಿದದ್ದನ್ನು ಲೇಸರಿನಿಂದ ಉಳಿಸಬಹುದು, ಹೋದದ್ದು ಬರುವುದಿಲ್ಲ ಅಂದರು ಡಾಕ್ಟರು. "ಎರಡು ಮೂರು ತಿಂಗಳು ಮೊದಲು ಬಂದಿದ್ದರೆ ಎಡಗಣ್ಣಲ್ಲೂ ಏನಾದರೂ ಸಿಗುತ್ತಿತ್ತೇನೋ," ಎಂದೂ ಅಂದರು. ಕಾಕಾ ನನ್ನ ಕಡೆ ತಿರುಗಿದರು.

"ನಿನಗ ಯಾವಾಗ ಗೊತ್ತಾತು?"

"ದಸರಾಕ್ಕೆ ಮುಂಚೆ," ಅಂದೆ. ಇನ್ನೊಂದು ಸುಳ್ಳು ಹೇಳುವ ಶಕ್ತಿ ನನಗಿರಲಿಲ್ಲ.

ಅವರು ತಲೆಯಾಡಿಸಿದರು, ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮರುದಿನವೇ ಆಫೀಸಿನವರಿಗೆ ತಾವಾಗಿ ಹೇಳಿದರಂತೆ, ಟಿವಿ ಬೇಡ, ತೋಳಿರುವ ಮಾನಿಟರ್ ಸಾಕು ಎಂದು. ಬೀಳ್ಕೊಡುಗೆಯ ದಿನ ಮ್ಯಾನೇಜರ್ ಅದನ್ನೇ ಹೇಳಿ ಹೊಗಳಿದ. ದೊಡ್ಡದು ಕೊಡುತ್ತೇವೆಂದರೂ ಚಿಕ್ಕದು ಕೇಳಿದರು, ಎಂಥ ಸರಳ ಮನುಷ್ಯ! ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಹಿಂದಿನ ಸಾಲಿನಲ್ಲಿ ಕೈ ಕಟ್ಟಿಕೊಂಡು ನಿಂತಿದ್ದೆ. ಕಾಕಾ ಒಬ್ಬೊಬ್ಬರ ಹತ್ತಿರವೂ ಬಂದು ಕೈ ಮುಗಿದರು. ನನ್ನ ಮುಂದೆ ಬಂದಾಗಲೂ ಕೈ ಮುಗಿದರು. "ಬರ್ತೀನಿ ಮೇಡಮ್," ಅಂದರು.

ಮೇಡಮ್! ಅವ್ವಾ ಎಂದು ಕರೆದ ಬಾಯಲ್ಲಿ ಮೇಡಮ್. ಎಷ್ಟು ವರ್ಷವಾಯಿತು, ಆ ಒಂದು ಮಾತು ನನ್ನನ್ನು ಬಿಟ್ಟಿಲ್ಲ. ನಾನು ಅಲ್ಲಿಂದ ಮೂರು ಕಂಪನಿ ಬದಲಿಸಿದೆ, ಎರಡು ಮನೆ ಬದಲಿಸಿದೆ. ಆ ಕಡೆ ಹೋಗುವ ಧೈರ್ಯ ಮಾತ್ರ ಬರಲಿಲ್ಲ. ಹಬ್ಬಕ್ಕೊಮ್ಮೆ ಫೋನ್ ಮಾಡೋಣ ಅಂದುಕೊಂಡು, ನಂಬರ್ ತೆಗೆದು, ಹಾಗೇ ಇಟ್ಟುಬಿಡುತ್ತಿದ್ದೆ. ನನ್ನ ಗಂಡ "ಹೋಗಿ ಕಾಲಿಗೆ ಬೀಳೇ, ಮುಗೀತು" ಅನ್ನುತ್ತಿದ್ದ. ಹೇಳುವವನಿಗೇನು, ಸುಲಭ.

ಎರಡು ವಾರದ ಕೆಳಗೆ ಫೋನ್ ಬಂತು. ಕಾಕು. "ಅವರು ಹೋಗಿಬಿಟ್ರವ್ವಾ," ಅಂದರು. ಎದೆನೋವು, ಅರ್ಧ ಗಂಟೆಯಲ್ಲಿ ಎಲ್ಲ ಮುಗಿದಿತ್ತಂತೆ. ಆಮೇಲೆ ಅವರೇ ಮುಂದುವರಿಸಿದರು: "ಬಂದ ಮಂದಿ ಕಾಲಿಗೆ ಸಿಕ್ಕು ಮಾನಿಟರಿನ ವೈರು ಹೋಗೇತಿ. ಅವರು ಹೇಳ್ತಿದ್ರು, ನಾ ಇಲ್ಲದಾಗ ಏನರ ಕೆಟ್ರ ಆ ನಮ್ಮವ್ವನ್ನ ಕರಿ ಅಂತ. ನಂಬರು ಗ್ವಾಡಿ ಮ್ಯಾಲ ದಪ್ಪಗ ಬರದಿಟ್ಟಾರ."

"ಅವ್ವಾ ಅಂತಾನೇ ಅಂದ್ರಾ ಕಾಕು?"

"ಮತ್ತೇನಂತಾರ?" ಅಂದರು ಕಾಕು. ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

ಹೋದೆ. ಅದೇ ಸಾಲುಮನೆ. ಗೋಡೆಯಿಂದ ಬಂದ ತೋಳಿನ ತುದಿಯಲ್ಲಿ ಮಾನಿಟರ್, ಅದರಿಂದ ಒಂದು ಗೇಣು ದೂರದಲ್ಲಿ ಕಾಕು ಕುರ್ಚಿ. ಕುರ್ಚಿಗೆ ಅಂಟಿಕೊಂಡಂತೆ ಒಂದು ಸ್ಟೂಲು. ಊರವರ ಕುರ್ಚಿಯನ್ನೆಲ್ಲ ಹಿಂದಕ್ಕೆಳೆದ ಮನುಷ್ಯ, ಇಷ್ಟು ವರ್ಷ ಆ ಸ್ಟೂಲಿನ ಮೇಲೆ, ಹೆಂಡತಿಯ ಭುಜಕ್ಕೆ ಭುಜ ಹಚ್ಚಿ, ಮಾನಿಟರಿಗೆ ಮೂಗು ತಾಗಿಸಿ ಕೂತಿದ್ದರಂತೆ. "ನೀವಾದ್ರೂ ದೂರ ಕುಂದ್ರಿ ಅಂತಿದ್ದೆ. ಕೇಳ್ತಿರಲಿಲ್ಲ," ಅಂದರು ಕಾಕು. "ಒಂದ ಒಂದು ಆಣಿ ಹಾಕಿಸಿಕೊಂಡಿದ್ರು ನನ್ನ ಕೈಲೆ. ಕಾಣಲಿಲ್ಲ ಅಂದ್ರ ಕಾಣಲಿಲ್ಲ ಅನಬೇಕು ಅಂತ."

ನಾನು ಗೋಡೆ ಮತ್ತು ಮಾನಿಟರಿನ ನಡುವೆ ನುಸುಳಿ ಕೂತೆ. ಕೇಬಲ್ ಡಬ್ಬಿಯಿಂದ ಬಂದ ವೈರಿನ ತುದಿ ಬಾಗಿತ್ತು, ಉಗುರಿನಿಂದ ನೆಟ್ಟಗೆ ಮಾಡಿದೆ. ಕಾಕು ಕೈಯಲ್ಲಿ ತಡಕಾಡಿ ಏನೋ ತೆಗೆದು ನನ್ನ ಕಡೆ ಚಾಚಿದರು. ಗುಲಾಬಿ ಚೌಕಟ್ಟಿನ ಕನ್ನಡಿ. "ತಗೋ. ಹಿಂದ ಕುಂತು ನೋಡಾಕ ಬೇಕಲ್ಲ."

"ಬೇಡ ಕಾಕು," ಅಂದೆ. "ನೀವೇ ನೋಡಿ ಹೇಳಿ."

ವೈರು ಸಿಕ್ಕಿಸಿದೆ. ಧ್ವನಿ ಬಂತು, ಯಾರೋ ನಗುತ್ತಿದ್ದರು. ಕಾಕು ಮುಂದಕ್ಕೆ ಬಾಗಿದ್ದು, ಅವರ ಬಳೆ ಮಾನಿಟರಿಗೆ ತಾಗಿದ್ದು ಕೇಳಿಸಿತು. ನನ್ನ ಬಾಯಿಂದ ನನಗೇ ಗೊತ್ತಿಲ್ಲದೆ ಅವರ ಮಾತು, ಅವರದೇ ರಾಗದಲ್ಲಿ ಬಂದುಬಿಟ್ಟಿತು.

"ಚಿತ್ರ ಬಂತೇನ?"

ಕಾಕು ಸುಮಾರು ಹೊತ್ತು ನೋಡಿದರು.

"ಇಲ್ಲವ್ವಾ," ಅಂದರು. "ಇನ್ನಾ ಬಂದಿಲ್ಲ."